ನಡುಪಂಥದ ಪಕ್ಷ ಯಾವುದು: ಯುರೋಪಿನ ಪಕ್ಷಗಳನ್ನು ಗುರುತಿಸುವ ಅಳತೆಗೋಲುಗಳ ಹೋಲಿಕೆ

ಸ್ವೀಡನ್ನಿನ ಸೆಂಟರ್ ಪಾರ್ಟಿ ಮತ್ತು ನಾರ್ವೆಯ ಸೆಂಟರ್ ಪಾರ್ಟಿ ಒಂದೇ ಬಗೆಯ ಮಣ್ಣಿನಲ್ಲಿ ಹುಟ್ಟಿದವು. ಮೊದಲನೆಯದು 1913ರಲ್ಲಿ, ಎರಡನೆಯದು 1920ರಲ್ಲಿ, ರೈತರ ಪಕ್ಷಗಳಾಗಿ ಆರಂಭವಾದವು. ಬೇಸಾಯವನ್ನು ನಂಬಿದವರ ಸಂಖ್ಯೆ ಕುಗ್ಗುತ್ತ ಬಂದಂತೆ, 1950ರ ದಶಕದ ಕೊನೆಯ ವರ್ಷಗಳಲ್ಲಿ ಎರಡೂ ಹೆಸರಿನಲ್ಲಿದ್ದ ‘ರೈತ’ ಎಂಬ ಮಾತನ್ನು ಬಿಟ್ಟು ‘ನಡು’ ಎಂಬ ಮಾತನ್ನು ತಂದುಕೊಂಡವು. ಇಂದು ಸ್ವೀಡನ್ನಿನ ಪಕ್ಷ ಮಾರುಕಟ್ಟೆಯ ಸ್ವಾತಂತ್ರ್ಯವನ್ನೂ ಐರೋಪ್ಯ ಒಕ್ಕೂಟವನ್ನೂ ಬೆಂಬಲಿಸುವ ಉದಾರವಾದಿ ಪಕ್ಷ. ನಾರ್ವೆಯ ಪಕ್ಷವಾದರೋ ಒಕ್ಕೂಟದ ಸದಸ್ಯತ್ವವನ್ನು ಬಿಡದೆ ವಿರೋಧಿಸುತ್ತ, ರೈತರಿಗೆ ರಕ್ಷಣೆಯನ್ನೂ ದೂರದ ಜಿಲ್ಲೆಗಳಿಗೆ ಸರ್ಕಾರದ ಹಣವನ್ನೂ ಕೇಳುತ್ತ, 2005ರಿಂದ 2013ರವರೆಗೆ ಮತ್ತು 2021ರಿಂದ 2025ರ ಜನವರಿಯವರೆಗೆ ಲೇಬರ್ ಪಕ್ಷದ ಜೊತೆ ಸರ್ಕಾರ ನಡೆಸಿತು. ಈ ಎರಡನ್ನೂ ‘ನಡುಪಂಥ’ ಎಂದು ಒಂದೇ ಸಾಲಿನಲ್ಲಿ ಬರೆಯಬಹುದೇ ಎಂಬ ಪ್ರಶ್ನೆಗೆ ಉತ್ತರ ನಾವು ಕೈಗೆತ್ತಿಕೊಳ್ಳುವ ಅಳತೆಗೋಲನ್ನು ಅವಲಂಬಿಸಿದೆ. ಅಂಥ ಅಳತೆಗೋಲುಗಳಲ್ಲಿ ಯಾವುದು ಯಾವ ಕೆಲಸಕ್ಕೆ ಒದಗುತ್ತದೆ, ಯಾವುದು ಎಲ್ಲಿ ದಾರಿ ತಪ್ಪಿಸುತ್ತದೆ ಎಂಬುದನ್ನು ಹೋಲಿಸಿ ನೋಡಲು ಈ ಬರಹ. ರಾಜ್ಯಶಾಸ್ತ್ರದ ವಿದ್ಯಾರ್ಥಿಗಳಿಗೂ, ಯುರೋಪಿನ ಚುನಾವಣೆಗಳ ಬಗ್ಗೆ ಕನ್ನಡದಲ್ಲಿ ಬರೆಯುವವರಿಗೂ, ಆ ದೇಶಗಳಲ್ಲಿ ನೆಲೆಸಿ ಮತದಾರರಾಗಿರುವ ಕನ್ನಡಿಗರಿಗೂ ಇದು ಉಪಯೋಗಕ್ಕೆ ಬಂದೀತೆಂದು ಭಾವಿಸಿದ್ದೇನೆ.

ಪದದ ಆಯ್ಕೆಯ ಬಗ್ಗೆ ಒಂದು ಮಾತು. ನಮ್ಮ ಪತ್ರಿಕೆಗಳಲ್ಲಿ ‘ಕೇಂದ್ರ’ ಎಂದೊಡನೆ ಓದುಗರ ಮನಸ್ಸಿಗೆ ಬರುವುದು ದೆಹಲಿಯ ಸರ್ಕಾರ. ‘ಕೇಂದ್ರ ಪಕ್ಷ’ ಎಂದು ಬರೆದರೆ ಅಧಿಕಾರದ ಕೇಂದ್ರದಲ್ಲಿರುವ ಪಕ್ಷವೆಂಬ ಅರ್ಥ ಬಂದುಬಿಡುತ್ತದೆ. ಎಡಪಂಥ, ಬಲಪಂಥಗಳ ಜೊತೆಗೆ ಸಹಜವಾಗಿ ಕೂಡುವ ‘ನಡುಪಂಥ’ವನ್ನೇ ಇಲ್ಲಿ ಬಳಸಿದ್ದೇನೆ. ಆದರೆ ಈ ಪದದಲ್ಲಿಯೂ ಒಂದು ಅಪಾಯವಿದೆ: ಎಡಪಂಥಕ್ಕೂ ಬಲಪಂಥಕ್ಕೂ ಇರುವಂತೆ ನಡುವಿಗೂ ತನ್ನದೇ ಆದ ಒಂದು ಪಂಥ, ಎಂದರೆ ಸಿದ್ಧಾಂತ, ಇದೆಯೆಂದು ಅದು ನಂಬಿಸುತ್ತದೆ. ಹಾಗೆ ಇದೆಯೇ ಎಂಬುದೇ ಈ ವಿಷಯದ ಹಳೆಯ ಜಗಳ.

ಹೆಸರನ್ನು ನಂಬುವುದು

ಎಲ್ಲಕ್ಕಿಂತ ಸುಲಭದ ದಾರಿಯೆಂದರೆ ಪಕ್ಷ ತನ್ನನ್ನು ತಾನು ಏನೆಂದು ಕರೆದುಕೊಳ್ಳುತ್ತದೆಯೋ ಅದನ್ನೇ ಒಪ್ಪಿಕೊಳ್ಳುವುದು. ಎಲ್ಲಕ್ಕಿಂತ ದುರ್ಬಲವಾದ ದಾರಿಯೂ ಅದೇ. ಡೆನ್ಮಾರ್ಕಿನ ಬಲಗಡೆಯ ಮುಖ್ಯ ಪಕ್ಷಗಳಲ್ಲಿ ಒಂದಾದ ‘ವೆನ್‌ಸ್ಟ್ರ’ದ ಹೆಸರಿಗೆ ಡೇನಿಷ್ ಭಾಷೆಯಲ್ಲಿ ‘ಎಡ’ ಎಂದೇ ಅರ್ಥ. ಅದರಿಂದ ಒಡೆದು 1905ರಲ್ಲಿ ಹುಟ್ಟಿ, ಮುಂದೆ ಡೇನಿಷ್ ರಾಜಕೀಯದ ನಡುವನ್ನು ಹಿಡಿದ ಪಕ್ಷದ ಹೆಸರು ‘ರಾಡಿಕಲ್ ಎಡ’. ಪೋರ್ಚುಗಲ್ಲಿನಲ್ಲಿ 1974ರ ಕ್ರಾಂತಿಯ ನಂತರ ಯಾರೂ ಬಲಪಂಥೀಯರೆನ್ನಿಸಿಕೊಳ್ಳಲು ಇಷ್ಟಪಡದ ವಾತಾವರಣದಲ್ಲಿ ಸ್ಥಾಪನೆಯಾದ ‘ಡೆಮಾಕ್ರಟಿಕ್ ಮತ್ತು ಸಾಮಾಜಿಕ ಸೆಂಟರ್’ ಪಕ್ಷ ಬಹುಕಾಲ ಆ ದೇಶದ ಸಂಸತ್ತಿನ ತೀರಾ ಬಲಗಡೆಯ ಪಕ್ಷವಾಗಿತ್ತು. ಜರ್ಮನಿಯಲ್ಲಿ 1870ರಲ್ಲಿ ಕಟ್ಟಲಾದ ‘ಸೆಂಟ್ರುಮ್’ ಆ ಹೆಸರು ಪಡೆದದ್ದು ಅದರ ಸದಸ್ಯರು ಸಭಾಂಗಣದ ನಡುವಿನ ಆಸನಗಳಲ್ಲಿ ಕೂರುತ್ತಿದ್ದುದರಿಂದ. ಅವರನ್ನು ಒಟ್ಟುಗೂಡಿಸಿದ್ದು ಕ್ಯಾಥೊಲಿಕ್ ಧರ್ಮ. ಪಕ್ಷವೊಂದು ತನ್ನನ್ನು ಹೇಗೆ ತೋರಿಸಿಕೊಳ್ಳಲು ಬಯಸುತ್ತದೆ ಎಂಬುದು ನಿಮ್ಮ ಪ್ರಶ್ನೆಯಾಗಿದ್ದರೆ ಮಾತ್ರ ಹೆಸರು ಪುರಾವೆಯಾಗುತ್ತದೆ.

ಪಕ್ಷದ ಕುಟುಂಬವನ್ನು ನೋಡುವುದು

ಎರಡನೆಯ ದಾರಿ ವಂಶಾವಳಿಯದು. ಸಮಾಜವಾದಿಗಳು ಎಡಕ್ಕೆ, ಸಂಪ್ರದಾಯವಾದಿಗಳು ಬಲಕ್ಕೆ, ಉದಾರವಾದಿಗಳು, ಕ್ರೈಸ್ತ ಪ್ರಜಾಪ್ರಭುತ್ವವಾದಿಗಳು ಮತ್ತು ಹಳೆಯ ರೈತ ಪಕ್ಷಗಳು ನಡುವಿಗೆ ಎಂದು ಹಂಚಿಬಿಡುವ ಪದ್ಧತಿ ಪಠ್ಯಪುಸ್ತಕಗಳಲ್ಲಿ ಸಾಮಾನ್ಯ. ಇದರ ಹಿಂದೆ ಗಟ್ಟಿಯಾದ ಒಂದು ತಿಳಿವಳಿಕೆಯೂ ಇದೆ. ಲಿಪ್ಸೆಟ್ ಮತ್ತು ರೊಕ್ಕಾನ್ ಎಂಬ ಸಮಾಜ ವಿಜ್ಞಾನಿಗಳು 1967ರಲ್ಲಿ ತೋರಿಸಿಕೊಟ್ಟಂತೆ, ಯುರೋಪಿನ ಪಕ್ಷಗಳು ಮಾಲೀಕ–ಕಾರ್ಮಿಕ ಎಂಬ ಒಂದೇ ಬಿರುಕಿನಿಂದ ಹುಟ್ಟಿದವಲ್ಲ. ರಾಜ್ಯ ಮತ್ತು ಚರ್ಚು, ನಗರ ಮತ್ತು ಹಳ್ಳಿ, ರಾಜಧಾನಿ ಮತ್ತು ಅಂಚಿನ ಪ್ರದೇಶ ಎಂಬ ಬೇರೆ ಬಿರುಕುಗಳೂ ಇದ್ದವು. ಚರ್ಚಿನ ಅಥವಾ ಹಳ್ಳಿಯ ಪರವಾಗಿ ನಿಂತ ಪಕ್ಷಗಳು ಕೂಲಿ ಮತ್ತು ಬಂಡವಾಳದ ಜಗಳದಲ್ಲಿ ಯಾವ ತುದಿಗೂ ಸೇರದೆ ನಡುವೆ ಬಂದು ನಿಂತದ್ದು ಹೀಗೆ. ಅವು ನಡುವನ್ನು ಹುಡುಕಿಕೊಂಡು ಹೋಗಿರಲಿಲ್ಲ. ಅವುಗಳ ಮುಖ್ಯ ಕಾಳಜಿಯೇ ಬೇರೊಂದು ಕಡೆ ಇತ್ತು.

ತೊಂದರೆಯೆಂದರೆ ಒಂದು ಕುಟುಂಬದ ಮಕ್ಕಳೆಲ್ಲ ಒಂದೇ ಸ್ವಭಾವದವರಲ್ಲ. ನೆದರ್‌ಲ್ಯಾಂಡ್ಸಿನಲ್ಲಿ ಉದಾರವಾದಿ ಪಕ್ಷಗಳೇ ಎರಡಿವೆ: ವಿವಿಡಿ ಆರ್ಥಿಕ ನೀತಿಯಲ್ಲಿ ಸ್ಪಷ್ಟವಾಗಿ ಬಲಕ್ಕಿದೆ, 1966ರಲ್ಲಿ ಸ್ಥಾಪನೆಯಾದ ಡಿ66 ಅದರ ಎಡಗಡೆಗಿದೆ. ಹೀಗಿದ್ದೂ ಐರೋಪ್ಯ ಸಂಸತ್ತಿನಲ್ಲಿ ಇವೆರಡೂ 2019ರಲ್ಲಿ ರೂಪುಗೊಂಡ ‘ರಿನ್ಯೂ ಯುರೋಪ್’ ಎಂಬ ಒಂದೇ ಬಣದಲ್ಲಿ ಕುಳಿತವು. ಜೆಕ್ ದೇಶದ ಆಂದ್ರೇ ಬಾಬಿಷ್ ಅವರ ಎಎನ್‌ಒ ಪಕ್ಷವೂ ಇದೇ ಬಣದಲ್ಲಿದ್ದು, 2024ರಲ್ಲಿ ಅಲ್ಲಿಂದ ಹೊರಬಂದು ಹಂಗೆರಿಯ ಆಡಳಿತ ಪಕ್ಷದ ಜೊತೆ ಸೇರಿ ತೀವ್ರ ಬಲಪಂಥದ ಹೊಸ ಬಣ ಕಟ್ಟಿತು. ಐರೋಪ್ಯ ಬಣದ ಸದಸ್ಯತ್ವವನ್ನು ನಡುಪಂಥದ ಪ್ರಮಾಣಪತ್ರವೆಂದು ಹಿಡಿದವರು ಆ ವರ್ಷ ಏನು ಮಾಡಬೇಕಿತ್ತು? ಪಕ್ಷದ ನಿಲುವುಗಳು ಒಂದೇ ರಾತ್ರಿಯಲ್ಲಿ ಬದಲಾಗಿರಲಿಲ್ಲವಲ್ಲ. ದೀರ್ಘಕಾಲದ ಇತಿಹಾಸವನ್ನು ಬರೆಯುವವರಿಗೆ ಕುಟುಂಬದ ಅಳತೆ ಒಳ್ಳೆಯದು; ಇಂದಿನ ಚುನಾವಣೆಯನ್ನು ವಿವರಿಸುವವರಿಗೆ ಅದು ಸಾಲದು.

ಅಳತೆಗೋಲಿನ ಮೇಲಿನ ಸ್ಥಾನ

ಎಡ, ಬಲ ಎಂಬ ಮಾತುಗಳು 1789ರಲ್ಲಿ ಫ್ರಾನ್ಸಿನ ರಾಷ್ಟ್ರೀಯ ಸಭೆಯ ಆಸನಗಳಿಂದ ಬಂದವು. ಇಂದು ಸಂಶೋಧಕರು ಆ ಆಸನಗಳ ಸಾಲನ್ನು ಸಂಖ್ಯೆಗಳ ಸಾಲಾಗಿ ಮಾಡಿಕೊಂಡಿದ್ದಾರೆ. ಪಕ್ಷಕ್ಕೆ ಸಂಖ್ಯೆ ಕೊಡುವವರು ಯಾರು ಎಂಬುದರ ಮೇಲೆ ಇದರಲ್ಲಿ ಮೂರು ಬಗೆಗಳಿವೆ.

ತಜ್ಞರನ್ನು ಕೇಳುವುದು ಒಂದು ಬಗೆ. 1999ರಿಂದ ನಡೆಯುತ್ತಿರುವ ಚಾಪೆಲ್ ಹಿಲ್ ಸಮೀಕ್ಷೆಯಲ್ಲಿ ಆಯಾ ದೇಶದ ರಾಜಕೀಯವನ್ನು ಬಲ್ಲ ವಿದ್ವಾಂಸರು ಪ್ರತಿಯೊಂದು ಪಕ್ಷಕ್ಕೂ 0ಯಿಂದ 10ರವರೆಗಿನ ಸಂಖ್ಯೆ ಕೊಡುತ್ತಾರೆ. 0 ತೀವ್ರ ಎಡ, 10 ತೀವ್ರ ಬಲ, 5 ನಡು. ಈ ಸಮೀಕ್ಷೆಯ ದೊಡ್ಡ ಗುಣವೆಂದರೆ ಅದು ಆರ್ಥಿಕ ಪ್ರಶ್ನೆಗಳಿಗೆ ಒಂದು ಅಳತೆಯನ್ನೂ, ಪರಿಸರ, ವೈಯಕ್ತಿಕ ಸ್ವಾತಂತ್ರ್ಯ, ಸಂಪ್ರದಾಯ, ರಾಷ್ಟ್ರ ಮುಂತಾದ ಪ್ರಶ್ನೆಗಳಿಗೆ ಇನ್ನೊಂದು ಅಳತೆಯನ್ನೂ ಬೇರೆಬೇರೆಯಾಗಿ ಕೊಡುತ್ತದೆ. ಜರ್ಮನಿಯ ಉದಾರವಾದಿ ಪಕ್ಷವಾದ ಎಫ್‌ಡಿಪಿಯನ್ನು ಅರ್ಥಮಾಡಿಕೊಳ್ಳಲು ಈ ಎರಡು ಅಳತೆಗಳು ಬೇಕೇ ಬೇಕು. ತೆರಿಗೆ ಮತ್ತು ಸಾಲದ ವಿಷಯದಲ್ಲಿ ಅದು ಕ್ರೈಸ್ತ ಪ್ರಜಾಪ್ರಭುತ್ವವಾದಿಗಳಿಗಿಂತಲೂ ಬಲಕ್ಕಿದ್ದು, ನಾಗರಿಕ ಹಕ್ಕುಗಳ ವಿಷಯದಲ್ಲಿ ಅವರ ಎಡಕ್ಕಿದೆ. ಇವೆರಡನ್ನೂ ಕೂಡಿಸಿ ಸರಾಸರಿ ತೆಗೆದರೆ ಬರುವ ಸಂಖ್ಯೆ ನಡುವಿನತ್ತ ಸರಿಯುತ್ತದೆ, ಆದರೆ ಆ ಸಂಖ್ಯೆ ಪಕ್ಷದ ಯಾವ ನಿಲುವನ್ನೂ ಹೇಳುವುದಿಲ್ಲ. ಎರಡು ವಿರುದ್ಧ ನಿಲುವುಗಳ ಸರಾಸರಿಯೂ ಮಿತವಾದ ಒಂದು ನಿಲುವೂ ಒಂದೇ ಎಂದು ಎಣಿಸುವುದು ಈ ಕ್ಷೇತ್ರದಲ್ಲಿ ಮತ್ತೆಮತ್ತೆ ಆಗುವ ತಪ್ಪು, ಮತ್ತು ಅದನ್ನು ನಾನು ಗಂಭೀರವಾದ ತಪ್ಪೆಂದೇ ತಿಳಿಯುತ್ತೇನೆ.

ಪ್ರಣಾಳಿಕೆಗಳನ್ನು ಓದುವುದು ಎರಡನೆಯ ಬಗೆ. ಪ್ರಣಾಳಿಕೆ ಯೋಜನೆಯೆಂದು ಹೆಸರಾದ ಸಂಶೋಧನೆಯಲ್ಲಿ ಚುನಾವಣಾ ಪ್ರಣಾಳಿಕೆಯ ಪ್ರತಿಯೊಂದು ವಾಕ್ಯವನ್ನೂ ವಿಷಯದ ಪ್ರಕಾರ ವಿಂಗಡಿಸಿ, ಬಲಗಡೆಯ ವಾಕ್ಯಗಳ ಶೇಕಡಾವಾರಿನಿಂದ ಎಡಗಡೆಯ ವಾಕ್ಯಗಳ ಶೇಕಡಾವಾರನ್ನು ಕಳೆಯಲಾಗುತ್ತದೆ. ಉತ್ತರ −100ರಿಂದ +100ರ ನಡುವೆ ಬರುತ್ತದೆ. ಎರಡನೆಯ ಮಹಾಯುದ್ಧದ ನಂತರದ ದಶಕಗಳನ್ನೆಲ್ಲ ಒಂದೇ ಕ್ರಮದಲ್ಲಿ ಅಳೆಯಬಲ್ಲ ಇಂಥ ಸಾಮಗ್ರಿ ಮತ್ತೊಂದಿಲ್ಲ. ಆದರೆ ಲೆಕ್ಕದ ಸ್ವರೂಪವನ್ನು ಗಮನಿಸಬೇಕು. ಶೇ. 30 ಎಡದ ಮಾತು, ಶೇ. 30 ಬಲದ ಮಾತು ಆಡಿದ ಪಕ್ಷಕ್ಕೂ ಸೊನ್ನೆ, ಶೇ. 3 ಎಡ, ಶೇ. 3 ಬಲ ಆಡಿ ಉಳಿದುದನ್ನೆಲ್ಲ ಆಡಳಿತದ ದಕ್ಷತೆ, ತಂತ್ರಜ್ಞಾನ, ಭ್ರಷ್ಟಾಚಾರ ನಿರ್ಮೂಲನೆ ಎಂದು ತುಂಬಿದ ಪಕ್ಷಕ್ಕೂ ಸೊನ್ನೆ. ಮೊದಲನೆಯದು ಎರಡು ಕಡೆಯನ್ನೂ ತೂಗಿದ ಪಕ್ಷ, ಎರಡನೆಯದು ಆ ಜಗಳಕ್ಕೇ ಇಳಿಯದ ಪಕ್ಷ. ಈ ಅಳತೆಯನ್ನು ಬಳಸುವವರು ಉತ್ತರದ ಜೊತೆಗೆ ಅದು ಎಷ್ಟು ವಾಕ್ಯಗಳಿಂದ ಬಂತು ಎಂಬುದನ್ನೂ ಬರೆಯಬೇಕು.

ಮತದಾರರನ್ನು ಕೇಳುವ ಮೂರನೆಯ ಬಗೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಸಮೀಕ್ಷೆಗಳಲ್ಲಿ ‘5’ ಎಂದು ಹೇಳುವವರಲ್ಲಿ ಯೋಚಿಸಿ ನಡುವನ್ನು ಆರಿಸಿಕೊಂಡವರೂ ಇರುತ್ತಾರೆ, ಪ್ರಶ್ನೆಯೇ ತಮಗೆ ಸಂಬಂಧಿಸಿದ್ದಲ್ಲವೆಂದು ನಡುವಿನ ಸಂಖ್ಯೆಯನ್ನು ಹೇಳಿ ಮುಗಿಸುವವರೂ ಇರುತ್ತಾರೆ. ಅವರನ್ನು ಬೇರ್ಪಡಿಸುವುದು ಕಷ್ಟ.

ವ್ಯವಸ್ಥೆಯೊಳಗಿನ ಜಾಗ

ಮೇಲಿನ ಅಳತೆಗಳೆಲ್ಲ ಪಕ್ಷವನ್ನು ಒಂಟಿಯಾಗಿ ನಿಲ್ಲಿಸಿ ಅಳೆಯುತ್ತವೆ. ಪಕ್ಷದ ಸುತ್ತ ಯಾರಿದ್ದಾರೆ ಎಂದು ಕೇಳುವ ಇನ್ನೊಂದು ಪರಂಪರೆಯಿದೆ, ಮತ್ತು ನನ್ನ ಒಲವು ಅದರ ಕಡೆಗೆ.

ಫ್ರೆಂಚ್ ವಿದ್ವಾಂಸ ಮೊರಿಸ್ ದ್ಯುವೆರ್ಜೆ 1951ರಲ್ಲಿಯೇ ರಾಜಕೀಯದಲ್ಲಿ ನಡುವೆಂಬುದು ಇಲ್ಲವೆಂದು ವಾದಿಸಿದ್ದರು. ನಡುವಿನ ಪಕ್ಷ ಇರಬಹುದು, ನಡುವಿನ ಸಿದ್ಧಾಂತ ಇರಲಾರದು. ಎಡದ ಸೌಮ್ಯರೂ ಬಲದ ಸೌಮ್ಯರೂ ಒಂದು ಕಡೆ ಸೇರಿದಾಗ ಕಾಣಿಸುವ ಕೃತಕ ಗುಂಪೇ ಅದು ಎಂಬುದು ಅವರ ನಿಲುವು. ಇಟಲಿಯ ಜೊವಾನ್ನಿ ಸಾರ್ತೋರಿ 1976ರಲ್ಲಿ ಬೇರೆಯೇ ಚಿತ್ರ ಕೊಟ್ಟರು. ಅವರ ಪ್ರಕಾರ ಕೆಲವು ದೇಶಗಳಲ್ಲಿ ನಡುವೆಂಬುದು ಒಂದು ಧ್ರುವವಾಗಿಯೇ ನಿಲ್ಲುತ್ತದೆ. ಎರಡೂ ತುದಿಗಳಲ್ಲಿ ವ್ಯವಸ್ಥೆಯನ್ನೇ ಒಪ್ಪದ ಪಕ್ಷಗಳಿರುವಾಗ ನಡುವಿನ ಪಕ್ಷವೇ ಸದಾ ಸರ್ಕಾರ ನಡೆಸಬೇಕಾಗುತ್ತದೆ. ಅದರಿಂದ ಬೇಸತ್ತ ಮತದಾರರಿಗೆ ತುದಿಗಳ ಕಡೆಗೆ ಹೋಗುವುದನ್ನು ಬಿಟ್ಟು ಬೇರೆ ದಾರಿ ಇರುವುದಿಲ್ಲ. ಇಟಲಿಯ ಕ್ರೈಸ್ತ ಪ್ರಜಾಪ್ರಭುತ್ವ ಪಕ್ಷ ಇದರ ಮುಖ್ಯ ಉದಾಹರಣೆ. ಶೇ. 34ಕ್ಕೂ ಹೆಚ್ಚು ಮತ ಪಡೆದ 1976ರಲ್ಲಿಯೂ ಕಮ್ಯುನಿಸ್ಟ್ ಪಕ್ಷಕ್ಕೆ ಮಂತ್ರಿಮಂಡಲದಲ್ಲಿ ಜಾಗ ಸಿಗಲಿಲ್ಲ. ಇನ್ನೊಂದು ತುದಿಯಲ್ಲಿ ನವ ಫ್ಯಾಸಿಸ್ಟರೂ ಹೊರಗೆಯೇ ಉಳಿದರು. ನಡುವಿನ ಪಕ್ಷ ಮಾತ್ರ 1994ರಲ್ಲಿ ಒಡೆದು ಹೋಗುವವರೆಗೂ ಪ್ರತಿಯೊಂದು ಸರ್ಕಾರದ ಬೆನ್ನೆಲುಬಾಗಿತ್ತು.

ಸಾರ್ತೋರಿ ಅವರ ಮಾತು ಹಳೆಯದಾಯಿತೆಂದುಕೊಂಡವರು ಇತ್ತೀಚಿನ ಫ್ರಾನ್ಸನ್ನು ನೋಡಬಹುದು. 2024ರ ಚುನಾವಣೆಯ ನಂತರ ಸಂಸತ್ತು ಮೂರು ಬಣಗಳಾಗಿ ಒಡೆಯಿತು, ಅಧ್ಯಕ್ಷ ಮಾಕ್ರೋನ್ ಅವರ ಬಣ ನಡುವೆ ನಿಂತಿತು. ಆ ವರ್ಷದ ಡಿಸೆಂಬರಿನಲ್ಲಿ ಎಡ ಬಣವೂ ತೀವ್ರ ಬಲಪಂಥವೂ ಒಟ್ಟಿಗೆ ಮತ ಹಾಕಿ ಮಿಶೆಲ್ ಬಾರ್ನಿಯೆ ಅವರ ಸರ್ಕಾರವನ್ನು ಕೆಡವಿದವು. ಅನಂತರ ಬಂದ, ದಶಕಗಳಿಂದ ನಡುಪಂಥದ ಮುಖವೆಂದೇ ಹೆಸರಾದ ಫ್ರಾನ್ಸ್ವಾ ಬೈರು 2025ರ ಸೆಪ್ಟೆಂಬರಿನಲ್ಲಿ ವಿಶ್ವಾಸಮತ ಕಳೆದುಕೊಂಡರು. ಎರಡು ಕಡೆಯಿಂದಲೂ ವಿರೋಧ ಬರುವುದು, ಆ ವಿರೋಧಿಗಳು ತಾವು ಸೇರಿ ಸರ್ಕಾರ ಮಾಡಲಾಗದಿರುವುದು, ಇವೆರಡೂ ಸಾರ್ತೋರಿ ವಿವರಿಸಿದ ಲಕ್ಷಣಗಳೇ.

ಇದೇ ಪರಂಪರೆಗೆ ಸೇರಿದ ಇನ್ನೊಂದು ವ್ಯಾಖ್ಯೆ ಗಣಿತದ್ದು: ಸದಸ್ಯರನ್ನೆಲ್ಲ ಎಡದಿಂದ ಬಲಕ್ಕೆ ಸಾಲಾಗಿ ನಿಲ್ಲಿಸಿದರೆ ಸರಿಯಾಗಿ ಮಧ್ಯದಲ್ಲಿ ಬರುವ ಸದಸ್ಯ, ಎಂದರೆ ಮಧ್ಯಾಂಕದ ಸದಸ್ಯ, ಯಾವ ಪಕ್ಷದವರೋ ಅದೇ ನಡುವಿನ ಪಕ್ಷ. ಆ ಪಕ್ಷವನ್ನು ಬಿಟ್ಟು ಎಡವಾಗಲಿ ಬಲವಾಗಲಿ ಬಹುಮತ ಕೂಡಿಸಲಾಗದು ಎಂಬುದು ಇದರ ಬಲ. ನೆದರ್‌ಲ್ಯಾಂಡ್ಸಿನ ಧಾರ್ಮಿಕ ಪಕ್ಷಗಳು 1918ರಿಂದ 1994ರವರೆಗೆ ಎಲ್ಲ ಸರ್ಕಾರಗಳಲ್ಲೂ ಇದ್ದುದನ್ನು ಇದು ಚೆನ್ನಾಗಿ ವಿವರಿಸುತ್ತದೆ. ಬ್ರಿಟನ್ನಿಗೆ ಬಂದರೆ ಮಾತ್ರ ಇದು ಕೈಕೊಡುತ್ತದೆ. 1983ರಲ್ಲಿ 650 ಸ್ಥಾನಗಳ ಪೈಕಿ 397ನ್ನು ಗೆದ್ದ ಮಾರ್ಗರೆಟ್ ಥ್ಯಾಚರ್ ಅವರ ಕನ್ಸರ್ವೇಟಿವ್ ಪಕ್ಷದಲ್ಲಿಯೇ ಮಧ್ಯಾಂಕದ ಸದಸ್ಯರಿದ್ದರು. ಅದನ್ನು ನಡುಪಂಥವೆಂದು ಕರೆಯಲು ಯಾರಿಗೂ ಮನಸ್ಸು ಬಾರದು. ಅದೇ ಚುನಾವಣೆಯಲ್ಲಿ ನಿಜವಾಗಿ ನಡುವೆ ನಿಂತಿದ್ದ ಲಿಬರಲ್–ಎಸ್‌ಡಿಪಿ ಮೈತ್ರಿಕೂಟ ನಾಲ್ಕನೆಯ ಒಂದು ಭಾಗಕ್ಕಿಂತ ಹೆಚ್ಚು ಮತ ಪಡೆದು 23 ಸ್ಥಾನಗಳಿಗೆ ಸಮಾಧಾನ ಪಟ್ಟುಕೊಂಡಿತು. ಮಧ್ಯಾಂಕದ ವ್ಯಾಖ್ಯೆಯನ್ನು ಪ್ರಮಾಣಾನುಗುಣ ಪ್ರಾತಿನಿಧ್ಯವಿರುವ, ಎಂದರೆ ಮತಗಳ ಪಾಲಿಗೆ ತಕ್ಕಂತೆ ಸ್ಥಾನಗಳು ಸಿಗುವ, ಯಾರಿಗೂ ಒಂಟಿ ಬಹುಮತ ಬಾರದ ದೇಶಗಳಿಗೆ ಮೀಸಲಿಡುವುದು ಕ್ಷೇಮ.

ನಡೆದುಕೊಂಡ ರೀತಿ

ಕೊನೆಯ ಅಳತೆ ಇತಿಹಾಸದ್ದು: ಪಕ್ಷ ಎರಡೂ ಕಡೆಯವರ ಜೊತೆ ಸರ್ಕಾರ ಮಾಡಿದೆಯೇ, ಅಥವಾ ಮಾಡಲು ಸಿದ್ಧವಿದೆಯೆಂದು ಎರಡೂ ಕಡೆಯವರು ನಂಬುತ್ತಾರೆಯೇ? ಜರ್ಮನಿಯ ಎಫ್‌ಡಿಪಿ 1969ರಿಂದ ಸೋಷಿಯಲ್ ಡೆಮಾಕ್ರಟರ ಜೊತೆಗಿದ್ದು, 1982ರ ಅಕ್ಟೋಬರಿನಲ್ಲಿ ಬದಿ ಬದಲಿಸಿ, ಹೆಲ್ಮುಟ್ ಶ್ಮಿಟ್ ಅವರನ್ನು ಇಳಿಸಿ ಹೆಲ್ಮುಟ್ ಕೋಲ್ ಅವರನ್ನು ಚಾನ್ಸಲರ್ ಮಾಡಿತು. ವಿದೇಶಾಂಗ ಸಚಿವ ಗೆನ್ಷರ್ ಎರಡೂ ಸರ್ಕಾರಗಳಲ್ಲಿ ಅದೇ ಹುದ್ದೆಯಲ್ಲಿದ್ದರು. ತೆರಿಗೆಯ ಅಳತೆಯಲ್ಲಿ ನಡುವಿನಲ್ಲಿಲ್ಲದ ಪಕ್ಷವೊಂದು ವ್ಯವಸ್ಥೆಯ ತಕ್ಕಡಿಯ ಮುಳ್ಳಾಗಿ ಕೆಲಸ ಮಾಡಬಲ್ಲದೆಂಬುದಕ್ಕೆ ಇದು ಸಾಕ್ಷಿ.

ಡೆನ್ಮಾರ್ಕಿನ ರಾಡಿಕಲ್ ಎಡದ ಕಥೆ ಇನ್ನೂ ಬೋಧಪ್ರದ. 1957ರಿಂದ 1964ರವರೆಗೆ ಅದು ಸೋಷಿಯಲ್ ಡೆಮಾಕ್ರಟರ ಜೊತೆಗಿತ್ತು. 1968ರಿಂದ 1971ರವರೆಗೆ ಅದರ ನಾಯಕ ಹಿಲ್ಮಾರ್ ಬೌನ್ಸ್‌ಗೋರ್ ಬಲಗಡೆಯ ಎರಡು ಪಕ್ಷಗಳನ್ನು ಸೇರಿಸಿಕೊಂಡು ಪ್ರಧಾನಿಯಾಗಿದ್ದರು. 1980ರ ದಶಕದಲ್ಲಿ ಆ ಪಕ್ಷ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಆರ್ಥಿಕ ನೀತಿಯಲ್ಲಿ ಕನ್ಸರ್ವೇಟಿವ್ ಪ್ರಧಾನಿ ಪೌಲ್ ಸ್ಲೂಟರ್ ಅವರ ಸರ್ಕಾರಕ್ಕೆ ಬೆಂಬಲ ಕೊಡುತ್ತಲೇ, ನೇಟೋ ಮತ್ತು ಕ್ಷಿಪಣಿಗಳ ವಿಷಯ ಬಂದಾಗ ಎಡದವರ ಜೊತೆ ಸೇರಿ ಅದೇ ಸರ್ಕಾರವನ್ನು ಮತ್ತೆಮತ್ತೆ ಸೋಲಿಸಿತು. ಒಂದೇ ಸಂಸತ್ತಿನಲ್ಲಿ ಎರಡು ಬಹುಮತಗಳು, ಎರಡಕ್ಕೂ ಒಂದೇ ಕೀಲು. ನಡುಪಂಥವನ್ನು ಒಂದು ಸಂಖ್ಯೆಯಾಗಿ ಬರೆಯುವವರ ಕಣ್ಣಿಗೆ ಇಂಥದ್ದು ಬೀಳುವುದೇ ಇಲ್ಲ.

ನಡವಳಿಕೆಯ ಅಳತೆ ನಿಷ್ಠುರವೂ ಹೌದು. ಸ್ಪೇನಿನಲ್ಲಿ 2019ರ ಏಪ್ರಿಲ್ ಚುನಾವಣೆಯಲ್ಲಿ ಸಮಾಜವಾದಿಗಳಿಗೆ 123, ಸಿಯುದಾದಾನೋಸ್ ಪಕ್ಷಕ್ಕೆ 57 ಸ್ಥಾನಗಳು ಬಂದವು. ಬಹುಮತಕ್ಕೆ ಬೇಕಿದ್ದುದು 176. ತನ್ನನ್ನು ಉದಾರವಾದಿ ನಡುಪಂಥವೆಂದು ಪರಿಚಯಿಸಿಕೊಂಡಿದ್ದ ಸಿಯುದಾದಾನೋಸ್ ಸಮಾಜವಾದಿಗಳ ಜೊತೆ ಮಾತುಕತೆಗೇ ಒಪ್ಪದೆ, ಬಲಗಡೆಯ ನಾಯಕತ್ವಕ್ಕೆ ಸ್ಪರ್ಧಿಸಿತು. ನವೆಂಬರಿನಲ್ಲಿ ಮರುಚುನಾವಣೆ ನಡೆದಾಗ ಅದಕ್ಕೆ ಉಳಿದದ್ದು 10 ಸ್ಥಾನಗಳು, ನಾಯಕ ಆಲ್ಬರ್ಟ್ ರಿವೇರಾ ರಾಜೀನಾಮೆ ಕೊಟ್ಟರು. ಆ ವರ್ಷದ ಸಿಯುದಾದಾನೋಸ್ ಪಕ್ಷವನ್ನು ನಾನು ನಡುಪಂಥದ ಪಟ್ಟಿಯಲ್ಲಿ ಸೇರಿಸಲಾರೆ, ಅದರ ಪ್ರಣಾಳಿಕೆ ಏನೇ ಹೇಳಲಿ.

ಈ ಅಳತೆಯ ಮಿತಿಯೂ ಸ್ಪಷ್ಟವಿದೆ. ಎಂದೂ ಅಧಿಕಾರದ ಹತ್ತಿರ ಸುಳಿಯದ ಸಣ್ಣ ಪಕ್ಷಗಳ ಬಗ್ಗೆ ಅದು ಏನನ್ನೂ ಹೇಳಲಾರದು. ಅಲ್ಲದೆ, ‘ಎಡವೂ ಅಲ್ಲ, ಬಲವೂ ಅಲ್ಲ’ ಎಂದು ಘೋಷಿಸಿ ಹಳೆಯ ಪಕ್ಷಗಳೆಲ್ಲವನ್ನೂ ತಿರಸ್ಕರಿಸುವ ಹೊಸ ಪಕ್ಷಗಳು ಅದನ್ನು ಗೊಂದಲಕ್ಕೀಡುಮಾಡುತ್ತವೆ. ಬಲ್ಗೇರಿಯದಲ್ಲಿ ಮಾಜಿ ದೊರೆ ಸಿಮಿಯೋನ್ ಅವರ ಆಂದೋಲನ ಹುಟ್ಟಿದ ವರ್ಷವೇ, 2001ರಲ್ಲಿ, 240ರಲ್ಲಿ 120 ಸ್ಥಾನ ಗೆದ್ದಿತು. ಇಟಲಿಯ ಐದು ನಕ್ಷತ್ರ ಚಳವಳಿ 2018ರಲ್ಲಿ ಬಲಪಂಥದ ಲೇಗಾದ ಜೊತೆಗೂ, 2019ರಲ್ಲಿ ಎಡ–ನಡುವಿನ ಡೆಮಾಕ್ರಟಿಕ್ ಪಕ್ಷದ ಜೊತೆಗೂ ಸರ್ಕಾರ ಮಾಡಿತು. ಎರಡೂ ಕಡೆ ಹೋದದ್ದರಿಂದ ಅದು ನಡುಪಂಥವಾಯಿತೇ? ನನ್ನ ದೃಷ್ಟಿಯಲ್ಲಿ ಇಲ್ಲ. ಎರಡು ಬದಿಗಳ ನಡುವೆ ನಿಲ್ಲುವುದಕ್ಕೂ ಎರಡು ಬದಿಗಳೆಂಬ ವಿಭಜನೆಯನ್ನೇ ನಿರಾಕರಿಸುವುದಕ್ಕೂ ವ್ಯತ್ಯಾಸವಿದೆ, ಮತ್ತು ಆ ವ್ಯತ್ಯಾಸವನ್ನು ತಿಳಿಯಲು ಅಳತೆಗೋಲಿನ ಸ್ಥಾನವನ್ನು ಮತ್ತೆ ನೋಡಲೇಬೇಕು.

ಆರಿಸುವುದು ಹೇಗೆ

ಸರ್ಕಾರ ರಚನೆಯ ಬಗ್ಗೆ ಬರೆಯುವವರು ವ್ಯವಸ್ಥೆಯೊಳಗಿನ ಜಾಗವನ್ನೂ ನಡವಳಿಕೆಯನ್ನೂ ಮೊದಲು ಹಿಡಿಯಲಿ. ಹಲವು ದೇಶಗಳನ್ನು, ಹಲವು ದಶಕಗಳನ್ನು ಒಟ್ಟಿಗೆ ಹೋಲಿಸುವವರಿಗೆ ತಜ್ಞರ ಸಮೀಕ್ಷೆ ಅಥವಾ ಪ್ರಣಾಳಿಕೆಯ ಲೆಕ್ಕವಿಲ್ಲದೆ ಸಾಗದು. ಅವರು ಆರ್ಥಿಕ ಅಳತೆಯನ್ನೂ ಸಾಂಸ್ಕೃತಿಕ ಅಳತೆಯನ್ನೂ ಬೇರೆಬೇರೆಯಾಗಿಯೇ ಇಟ್ಟುಕೊಳ್ಳಲಿ. ಮತ ಹಾಕಬೇಕಾದವರಿಗೆ ನನ್ನ ಸಲಹೆ ಇನ್ನೂ ಸರಳ: ಪಕ್ಷದ ಒಟ್ಟು ಸಂಖ್ಯೆಯನ್ನು ಬದಿಗಿಟ್ಟು, ನಿಮಗೆ ಮುಖ್ಯವಾದ ಪ್ರಶ್ನೆಯಲ್ಲಿ ಅದು ಎಲ್ಲಿ ನಿಂತಿದೆ ಮತ್ತು ಕಳೆದ ಎರಡು ಸಂಸತ್ತುಗಳಲ್ಲಿ ಯಾರ ಜೊತೆ ಕೂಡಿತು ಎಂಬುದನ್ನು ನೋಡಿ. ಯಾವ ಅಳತೆಯನ್ನು ಹಿಡಿದರೂ ದೇಶ, ಪ್ರಶ್ನೆ, ಕಾಲ ಈ ಮೂರನ್ನೂ ನಮೂದಿಸಬೇಕು. ‘ಸ್ವೀಡನ್ನಿನ ಸೆಂಟರ್ ಪಾರ್ಟಿ ನಡುಪಂಥದ್ದು’ ಎಂಬ ವಾಕ್ಯ ಅಪೂರ್ಣ. 1951ರಿಂದ 1957ರವರೆಗೆ ಸೋಷಿಯಲ್ ಡೆಮಾಕ್ರಟರ ಜೊತೆಯಲ್ಲಿ ಆಳಿದ, 1976ರಲ್ಲಿ ಥೋರ್ಬ್ಯೋರ್ನ್ ಫೆಲ್ಡಿನ್ ಅವರ ನಾಯಕತ್ವದಲ್ಲಿ ಅದೇ ಡೆಮಾಕ್ರಟರನ್ನು ಇಳಿಸಿದ, 2006ರಿಂದ 2014ರವರೆಗೆ ಬಲಗಡೆಯ ಮೈತ್ರಿಕೂಟದಲ್ಲಿದ್ದ, 2019ರ ಜನವರಿಯ ಒಪ್ಪಂದದ ಮೂಲಕ ಸ್ಟೆಫಾನ್ ಲೊವೆನ್ ಅವರ ಸರ್ಕಾರಕ್ಕೆ ದಾರಿ ಬಿಟ್ಟುಕೊಟ್ಟ ಪಕ್ಷದ ಬಗ್ಗೆ ಯಾವ ವರ್ಷದ ಮಾತೆಂದು ಹೇಳದೆ ಏನನ್ನೂ ಖಚಿತವಾಗಿ ಹೇಳಲಾಗದು.

ಅಳತೆಗಳು ಪರಸ್ಪರ ಒಪ್ಪದಿದ್ದಾಗ ಅದನ್ನು ಮುಚ್ಚಿಡುವುದಕ್ಕಿಂತ ಹಾಗೆಯೇ ಬರೆಯುವುದು ಮೇಲು. 2022ರ ಡೆನ್ಮಾರ್ಕ್ ಇದಕ್ಕೆ ತಕ್ಕ ಉದಾಹರಣೆ. ಮಾಜಿ ಪ್ರಧಾನಿ ಲಾರ್ಸ್ ಲೊಕೆ ರಾಸ್ಮುಸೆನ್ ತಮ್ಮ ಹಳೆಯ ಪಕ್ಷವಾದ ವೆನ್‌ಸ್ಟ್ರವನ್ನು ತೊರೆದು ಕಟ್ಟಿದ ‘ಮಾಡರೇಟ್ಸ್’ ಪಕ್ಷ 16 ಸ್ಥಾನ ಗೆದ್ದಿತು. ಎಡ ಬಣಕ್ಕೆ ಗ್ರೀನ್‌ಲ್ಯಾಂಡ್ ಮತ್ತು ಫೆರೋ ದ್ವೀಪಗಳ ಸದಸ್ಯರೂ ಸೇರಿ 179ರಲ್ಲಿ 90 ಸ್ಥಾನಗಳಿದ್ದುದರಿಂದ, ಲೆಕ್ಕದ ಪ್ರಕಾರ ಮಾಡರೇಟ್ಸ್ ಪಕ್ಷದ ಅಗತ್ಯ ಯಾರಿಗೂ ಇರಲಿಲ್ಲ. ಮಧ್ಯಾಂಕದ ಸದಸ್ಯರು ಅದರಲ್ಲಿರಲಿಲ್ಲ. ಆದರೂ ಪ್ರಧಾನಿ ಮೆಟ್ಟೆ ಫ್ರೆಡ್ರಿಕ್ಸೆನ್ ತಮ್ಮ ಸೋಷಿಯಲ್ ಡೆಮಾಕ್ರಟರ ಜೊತೆಗೆ ವೆನ್‌ಸ್ಟ್ರ ಮತ್ತು ಮಾಡರೇಟ್ಸ್ ಪಕ್ಷಗಳನ್ನು ಸೇರಿಸಿಕೊಂಡು ಬಣಗಳ ಗಡಿ ದಾಟಿದ ಸರ್ಕಾರ ರಚಿಸಿದರು. ಶತಮಾನಕ್ಕೂ ಹೆಚ್ಚು ಕಾಲ ಆ ನಡುವನ್ನು ಕಾದಿದ್ದ ರಾಡಿಕಲ್ ಎಡ 7 ಸ್ಥಾನಗಳೊಂದಿಗೆ ಹೊರಗುಳಿಯಿತು. ಮಧ್ಯಾಂಕದ ಅಳತೆಯಲ್ಲಿ ಮಾಡರೇಟ್ಸ್ ನಡುವಿನ ಪಕ್ಷವಲ್ಲ, ನಡವಳಿಕೆಯ ಅಳತೆಯಲ್ಲಿ ಹೌದು. ರಾಡಿಕಲ್ ಎಡಕ್ಕೆ ಇತಿಹಾಸದ ಸಾಕ್ಷಿಯಿದೆ, ಆ ವರ್ಷದ ಸರ್ಕಾರದಲ್ಲಿ ಜಾಗವಿಲ್ಲ. ಆ ಚುನಾವಣೆಯ ಬಗ್ಗೆ ಬರೆಯುವ ವಿದ್ಯಾರ್ಥಿ ತನ್ನ ಕೋಷ್ಟಕದಲ್ಲಿ ಎರಡೂ ಪಕ್ಷಗಳ ಎದುರು ಎರಡೂ ಉತ್ತರಗಳನ್ನು ಬರೆದು, ಯಾವುದು ಯಾವ ಅಳತೆಯಿಂದ ಬಂತೆಂದು ಪಕ್ಕದಲ್ಲಿ ನಮೂದಿಸಬೇಕು.